ಚರಗದ ಬಣ್ಣ

ಹಸಿರಿನ ಮೇಲೆ ಇರಬಾರದ ಬಣ್ಣವೊಂದು ಇತ್ತು.

ಪರೀಕ್ಷಾ ಕೇಂದ್ರದ ಗೋಡೆ ತುಂಬಿದ ಪರದೆಯ ಮೇಲೆ ಬೆಳಗಿನ ಹೊಲ ಮೆಲ್ಲಗೆ ಮೂಡಿಬಂದಾಗ ದಾಕ್ಷಾಯಣಿ ತುಟಿಗೆ ಒಯ್ದ ಚಹದ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಕಂಬದ ತುದಿಯ ಕ್ಯಾಮೆರಾ ದಿನವೂ ತೋರಿಸುತ್ತಿದ್ದದ್ದು ಒಂದೇ ನೋಟ: ಬದುವಿನಿಂದ ಬದುವಿಗೆ ಹಾಸಿದ ಎಳೆಹಸಿರು. ಇಂದು ಆ ಹಸಿರಿನಲ್ಲಿ ನೇರಳೆ ಬಣ್ಣದ ಕಮಾನುಗಳು ಎದ್ದಿದ್ದವು. ತೆಂಕಲ ಬದುವಿನ ಗುಂಟ, ಒಂದರ ಪಕ್ಕ ಒಂದು, ಯಾರೋ ನಡೆಯುತ್ತ ನಡೆಯುತ್ತ ಗಾಳಿಗೆ ಏನನ್ನೋ ತೂರಿದ ಹಾಗೆ.

ಆ ಹುಲ್ಲಿಗೆ ಸಾಕ್ಷಿಹುಲ್ಲು ಎಂದು ಹೆಸರು. ಅದರ ಬೇರಿನಲ್ಲಿ ವಿಜ್ಞಾನಿಗಳು ಒಂದು ಸಣ್ಣ ಕಾವಲನ್ನು ಇಟ್ಟಿದ್ದರು. ಮಣ್ಣಿನಲ್ಲಿ ಕರಗಿದ ಆರ್ಸೆನಿಕ್‌ನ ಲೇಶ ಬಂದು ಆ ಕಾವಲಿಗೆ ತಗುಲಿದರೆ, ಬದನೆಕಾಯಿಗೂ ನೇರಳೆಹಣ್ಣಿಗೂ ಬಣ್ಣ ಕೊಡುವ ದ್ರವ್ಯವೇ ಹುಲ್ಲಿನ ಎಸಳಿನಲ್ಲಿ ತಯಾರಾಗತೊಡಗುತ್ತದೆ. ಯಂತ್ರಗಳಿಗೆ ದಕ್ಕದಷ್ಟು ಸಣ್ಣ ಪಾಪವನ್ನೂ ಅದು ಎರಡು ವಾರಗಳಲ್ಲಿ ಬಯಲಿಗೆ ಎಳೆಯುತ್ತಿತ್ತು. ಸುಳ್ಳು ಹೇಳಲು ಅದಕ್ಕೆ ಬರುತ್ತಿರಲಿಲ್ಲ.

ಕೃಷ್ಣೆ ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿದ್ದರೂ ಆ ಹೊಲವಿದ್ದ ಕೆಂಗಲ್ಲಹಾಳಕ್ಕೆ ಕಾಲುವೆಯ ನೀರು ಎಂದೂ ತಲುಪಲಿಲ್ಲ. ಹಾಗಾಗಿ ಜನ ಕೊಳವೆಬಾವಿ ಕೊರೆದರು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಬಂಡೆಯೊಳಗೆ ಬಂಗಾರದ ಎಳೆಗಳಿಗೆ ಒಡಹುಟ್ಟಿದವನಂತೆ ಮಲಗಿದ್ದ ಆರ್ಸೆನಿಕ್ ಎಂಬ ಪಾಷಾಣ ನೀರಿನ ಬೆನ್ನೇರಿ ಮೇಲೆ ಬಂತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಿಂತ ನೀರಿನ ಕೆಸರಿನಲ್ಲಿ ಗಾಳಿಯಾಡದೆ ನೆಲದ ಉಸಿರು ಕಟ್ಟಿದಾಗ ಅದು ಮಣ್ಣಿನ ಹಿಡಿತದಿಂದ ಬಿಡಿಸಿಕೊಳ್ಳುತ್ತದೆ. ಭತ್ತದ ಬೇರು ಮರಳಿನ ಸಾರ ಹೀರುವ ಬಾಗಿಲಿನಿಂದಲೇ ಅದನ್ನೂ ನೆಂಟನೆಂದು ಒಳಗೆ ಕರೆದುಕೊಳ್ಳುತ್ತದೆ. ವರ್ಷಗಳು ಕಳೆದ ಮೇಲೆ ಊರಿನ ಅಂಗೈಗಳಲ್ಲಿ ಗಂಟುಗಳೆದ್ದವು. ಬೆನ್ನುಗಳ ಮೇಲೆ, ಧೂಳಿನ ದಾರಿಗೆ ಮೊದಲ ಮಳೆಹನಿ ಬಿದ್ದಂತೆ, ಚುಕ್ಕೆಗಳು ಮೂಡಿದವು. ಆಮೇಲೆ ಎಲ್ಲರಿಗೂ ಎಲ್ಲ ತಿಳಿಯಿತು. ಬಾವಿಗಳಿಗೆ ಬೀಗ ಬಿತ್ತು. ಮನೆಮನೆಯ ಭತ್ತವನ್ನು ಸರ್ಕಾರದವರು ಹೊತ್ತೊಯ್ದು ಸಿಮೆಂಟಿನ ಗುಂಡಿಗಳಲ್ಲಿ ಹೂತರು. ನದಿಯ ನೀರು ಕೊಳವೆಯಲ್ಲಿ ಬಂತು, ಅಕ್ಕಿ ಹೊರಗಿನಿಂದ ಲಾರಿಯಲ್ಲಿ ಬಂತು.

ಈಗ ಉಳಿದಿದ್ದ ಆಸೆ ಈ ಒಂದು ಹೊಲ. ಹಳೆಯ ಮಣ್ಣನ್ನೆಲ್ಲ ಅಗೆದು ತೆಗೆದು, ದೂರದಿಂದ ತಂದ ಶುದ್ಧ ಕರಿಮಣ್ಣು ತುಂಬಿ, ಸುತ್ತ ಬೇಲಿ ಹಾಕಿ, ನದಿಯ ನೀರನ್ನಷ್ಟೇ ಹಾಯಿಸಿದ್ದ ಹೊಲ. ಒಂದು ವರ್ಷ ಸಾಕ್ಷಿಹುಲ್ಲು ಹಸಿರಾಗಿಯೇ ನಿಂತರೆ ಊರಿನ ಉಳಿದ ಹೊಲಗಳಿಗೂ ಹೊಸ ಮಣ್ಣು ಬರುವುದಿತ್ತು. ನಿಲ್ಲದಿದ್ದರೆ ಊರನ್ನೇ ಬೇರೆಡೆಗೆ ಸಾಗಿಸುವುದಿತ್ತು.

“ನೋಡಿದಿರಾ, ಸರ್?” ಎಂದಳು ದಾಕ್ಷಾಯಣಿ, ಪರದೆಯ ಮೂಲೆಯಲ್ಲಿ ಮೂಡಿದ ಮುಖಕ್ಕೆ.

ಯೋಜನೆಯ ಮುಖ್ಯಸ್ಥರಾದ ಪ್ರಹ್ಲಾದ ದೇಸಾಯಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನೋಡಿದೆ. ಕೆಳಗಿನಿಂದ ಜಿನುಗಿ ಬಂದಿರಬೇಕು.”

“ಜಿನುಗಿದ್ದರೆ ಕಲೆ ಹರಡಬೇಕಿತ್ತು. ಇದು ಕಮಾನಿನ ಹಾಗಿದೆ.”

“ದಾಕ್ಷಾಯಣಿ, ಆಕಾರದ ಮೇಲೆ ಕವಿತೆ ಬರೆಯಬಹುದು. ಸಮಿತಿಯವರು ಬಣ್ಣ ಅಷ್ಟೇ ನೋಡತಾರ. ಶಿವರಾತ್ರಿಗೆ ಬರತಾರ. ಅಷ್ಟರೊಳಗ ಕಾರಣ ಹೇಳು, ಇಲ್ಲಾ ಊರಿನವರಿಗೆ ಗಂಟು ಕಟ್ಟಲಿಕ್ಕೆ ಹೇಳು.”

*

ದಾಕ್ಷಾಯಣಿಯ ವಾಸ ಹಂಪವ್ವನ ಮನೆಯ ಮೇಲುಕೋಣೆಯಲ್ಲಿ, ಊಟ ಕೆಳಗೆ ಅವರ ಜೊತೆಯಲ್ಲೇ. ಆ ಹೊಲ ಒಂದು ಕಾಲಕ್ಕೆ ಹಂಪವ್ವನ ಗಂಡ ಪಂಪಣ್ಣನದು. ಅವನು ಚರ್ಮದ ಹುಣ್ಣು ಒಳಗಿಳಿದು ಸತ್ತಿದ್ದ. ಅವನನ್ನು ಕೂರಿಸಿ ಮಣ್ಣು ಮಾಡಿದ್ದು ಆ ಹೊಲದ ಬದುವಿನ ಆಚೆಯಲ್ಲೇ. ಮಗ ಅಮರೇಶ ಈಗ ಅದೇ ಹೊಲದ ಕಾವಲುಗಾರ. ಸೊಸೆ ಶಿವಲೀಲಾ ಏಳು ತಿಂಗಳ ಬಸುರಿ. ಮೊದಲಿನ ಎರಡು ಬಸಿರೂ ನಿಂತಿರಲಿಲ್ಲ. ಅದರ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದೆ ಇರುವುದರ ಸದ್ದು ಮಾತ್ರ ಎಲ್ಲ ಕೋಣೆಗಳಲ್ಲೂ ಇತ್ತು.

“ಊರಾಗ ಏನಂತಾರ ಗೊತ್ತದನ್ರಿ ಅಕ್ಕಾರ?” ಅಮರೇಶ ರೊಟ್ಟಿ ಮುರಿಯುತ್ತ ಕೇಳಿದ. “ಅಪ್ಪ ಬಂದು ಬಿತ್ಯಾನಂತ. ದುರುಗಪ್ಪ ಕಾಕಾ ಕಟ್ಟಿ ಮ್ಯಾಲ ಕುಂತು ಹೇಳಾಕತ್ತಾನ, ಪಂಪಣ್ಣ ಸತ್ತರೂ ಬಿತ್ತೋದು ಬಿಟ್ಟಿಲ್ಲ, ನಾವು ಬದುಕಿದ್ದೂ ಕೂರಿಗಿ, ಕುಂಟಿ ಮುಟ್ಟಿಲ್ಲ ಅಂತ.”

“ದುರುಗಪ್ಪಗ ಬಾಯಿ ಒಂದು ಬಿಟ್ಟು ಉಳಿದದ್ದೆಲ್ಲಾ ಸೋತಾವ,” ಎಂದಳು ಹಂಪವ್ವ. ಆದರೆ ಅವಳ ಕಣ್ಣು ಸೊಸೆಯ ತಟ್ಟೆಯ ಮೇಲಿತ್ತು. “ಅನ್ನ ಉಣ್ಣವಾ. ರೊಟ್ಟಿಗಿ ಕೈ ಹಾಕಬ್ಯಾಡ ಮೊದಲ.”

“ಅತ್ತೀ, ದಿನಾ ನನಗೊಬ್ಬಾಕಿಗೇ ಬ್ಯಾರೆ ಬೋಗಾಣಿ. ಅಕ್ಕಾರು ಏನಂದುಕೊಂಡಾರು?”

“ಏನಂದುಕೊಂತಾಳ? ಬಸುರಿ ಇದ್ದೀ, ನಿನಗ ಮೆತ್ತಗ ಕುದಿಸೀನಿ. ಆಕಿಗೂ ಒಂದು ತುತ್ತು ಕೊಡತೀನಲ್ಲ ಆಗಾಗ.”

ದಾಕ್ಷಾಯಣಿ ನಕ್ಕಳು. ಆ ಅನ್ನಕ್ಕೆ ಕೆಂಪು ಛಾಯೆಯಿತ್ತು, ಒಂದು ಮರೆತ ಪರಿಮಳವೂ ಇತ್ತು. ಅವಳ ಮನಸ್ಸು ಮಾತ್ರ ಬೇರೆ ಕಡೆಗಿತ್ತು. ಕಳೆದ ಸಲ ಊರವರೆಲ್ಲರ ಉಗುರು, ಕೂದಲು ಪರೀಕ್ಷೆಗೆ ಹೋದಾಗ ಅವಳ ಉಗುರಿನಲ್ಲೂ ಪಾಷಾಣದ ಸುಳಿವು ಕಂಡಿತ್ತು. ಪ್ರಯೋಗಾಲಯದ ಧೂಳು ಎಂದು ಅವಳೇ ತಳ್ಳಿಹಾಕಿದ್ದಳು. ಶಿವಲೀಲಾಳ ಕೂದಲು ಸಿಕ್ಕಿರಲಿಲ್ಲ. ಬಸುರಿಯ ಕೂದಲಿಗೂ ಉಗುರಿಗೂ ಕತ್ತರಿ ತಾಗಿಸಬಾರದು ಎಂದು ಹಂಪವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊರಗಿನ ಅಕ್ಕಿ, ನದಿಯ ನೀರು, ಇನ್ನೇನು ಎಂದು ದಾಕ್ಷಾಯಣಿ ಒತ್ತಾಯಿಸಿರಲಿಲ್ಲ. ಈ ಮನೆ ಶುದ್ಧವೆಂದು ಅವಳೇ ಬರೆದುಕೊಟ್ಟಿದ್ದಳು.

ಮರುದಿನ ನಸುಕಿನಲ್ಲಿ ಎಂದಿನಂತೆ ಆ ಸದ್ದು ಅವಳನ್ನು ಎಬ್ಬಿಸಿತು. ಧಪ್, ಧಪ್. ಒರಳಿಗೆ ಒನಕೆ ಬೀಳುವ ಸದ್ದು. ಮೊದಮೊದಲು ಕೇಳಿದಾಗ ಹಂಪವ್ವ “ಕಾರ ಕುಟ್ಟಾಕತ್ತೀನಿ” ಅಂದಿದ್ದಳು. ಇಷ್ಟು ಕಾರ ಯಾವ ಮನೆಗೆ ಬೇಕು ಎಂದು ಅಂದು ಹೊಳೆದಿರಲಿಲ್ಲ. ಇಂದು ಆ ಸದ್ದು ನೆಲದ ಕೆಳಗಿನಿಂದ, ಯಾರೋ ಬಾಗಿಲು ತಟ್ಟುತ್ತಿರುವಂತೆ ಕೇಳಿಸಿತು.

*

ಹೊಲದಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ದಾಕ್ಷಾಯಣಿ ಬೂಟು ತೊಳೆದುಕೊಂಡು ಒಳಗೆ ಹೋಗಿ ಮೊದಲ ಕಮಾನಿನ ಮುಂದೆ ನಿಂತಳು. ಹತ್ತಿರದಿಂದ ನೋಡಿದರೆ ಕಮಾನು ಅಖಂಡವಲ್ಲ, ಚುಕ್ಕೆ ಚುಕ್ಕೆ. ಬದುವಿನ ಬಳಿ ದಟ್ಟ, ದೂರ ಸರಿದಂತೆ ವಿರಳ. ಅವಳು ಅದರ ನಟ್ಟನಡುವೆ ನಿಂತು, ಯಾಕೆಂದು ತಿಳಿಯದೆಯೇ ಬಲಗೈಯನ್ನು ಎಡದಿಂದ ಬಲಕ್ಕೆ ಬೀಸಿದಳು.

ಕೈ ಕಮಾನಿನ ಮೇಲೆಯೇ ಹಾದುಹೋಯಿತು.

ಮತ್ತೊಮ್ಮೆ ಬೀಸಿದಳು. ತೋಳಿಗೆ ಈ ಚಲನೆ ಗೊತ್ತಿತ್ತು. ಮುದಗಲ್ಲಿನ ಹತ್ತಿರದ ತನ್ನ ಅಜ್ಜಿಯ ಹೊಲ, ಎಳ್ಳಮಾವಾಸ್ಯೆ, ಬುಟ್ಟಿ ಹೊತ್ತ ಹೆಂಗಸರ ಸಾಲು. ಅನ್ನ, ಸಜ್ಜಿ ಕಡುಬು, ಪುಂಡಿಪಲ್ಯ ಕಲಸಿ, ಉಣ್ಣುವ ಮೊದಲು ಹೊಲದ ನಾಲ್ಕೂ ದಂಡೆಗೆ ತೂರುವ ಚರಗ. ಮುಂದಿನವರು “ಹುಲ್ಲುಲ್ಲಿಗೋ” ಎಂದು ಕೂಗಿ ತೂರಿದರೆ ಹಿಂದಿನವರು ನೀರು ಚಿಮುಕಿಸುತ್ತ ಬರುತ್ತಾರೆ. ಬೆಳೆಯನ್ನು ಹೊತ್ತ ಭೂಮಿ ಬಸುರಿಯಂತೆ. ಅವಳಿಗೆ ಬಯಕೆಯ ಊಟ ಕೊಡದೆ ಮನುಷ್ಯರು ಉಣ್ಣುವಂತಿಲ್ಲ.

ಎಳ್ಳಮಾವಾಸ್ಯೆಯ ದಿನ ದಾಕ್ಷಾಯಣಿ ಊರಿನಲ್ಲಿರಲಿಲ್ಲ. ಅದಾಗಿ ಎರಡು ವಾರ ಕಳೆದಿತ್ತು.

“ಅಮರೇಶ,” ಎಂದಳು ಬೇಲಿಯ ಆಚೆ ನಿಂತಿದ್ದವನಿಗೆ, “ಅಮಾಸಿ ದಿನ ಗೇಟ್ ಯಾರು ತಗದಿದ್ದರು?”

ಅವನು ತಲೆ ತಗ್ಗಿಸಿದ. “ಅವ್ವ ಅತ್ಲು ಅಕ್ಕಾರ, ನಾನೇ ತಗದೆ. ಹೊಸಾ ಮಣ್ಣು ಪರಊರಿಂದ ನಮ್ಮ ಮನಿಗಿ ಬಂದದ, ಸೊಸಿ ಇದ್ದಂಗ, ಉಪಾಸ ಇಡಬಾರದು ಅಂದ್ಲು. ಈ ತೆಂಕಲ ಬದುವಿಗಷ್ಟೇ ತೂರಿದ್ಲು. ಒಂದು ಹಿಡಿ ಅನ್ನ ಅಲ್ಲೇನ್ರಿ. ರೇಷನ್ ಅಕ್ಕಿ ಅನ್ನ.”

ರೇಷನ್ ಅಕ್ಕಿಯ ಅನ್ನಕ್ಕೆ ಸಾಕ್ಷಿಹುಲ್ಲು ಬಣ್ಣ ತಿರುಗುವುದಿಲ್ಲ. ದಾಕ್ಷಾಯಣಿಯ ಬಾಯಲ್ಲಿ ಆ ಕೆಂಪು ಅನ್ನದ ಮರೆತ ಪರಿಮಳ ಒಮ್ಮೆಲೇ ಮೇಲೆದ್ದು ಬಂತು. ಅವಳು ಓಡಲಿಲ್ಲ, ಓಡಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ನಿಧಾನವಾಗಿ ಮನೆಯ ಕಡೆ ನಡೆದಳು.

*

ಪಡಸಾಲೆಯ ಮೂಲೆಯಲ್ಲಿ ಒಂದು ಚಪ್ಪಡಿ ಸರಿದಿತ್ತು. ಅದರ ಕೆಳಗೆ ಕಪ್ಪು ಬಾಯಿ. ಹಿಂದಿನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದ ನೆಲಮಾಳಿಗೆಯಂಥ ಗುಂಡಿ, ಹಗೇವು. ಹಂಪವ್ವ ಅದರ ಅಂಚಿನಲ್ಲಿ ಕುಳಿತು, ಹಗ್ಗಕ್ಕೆ ಕಟ್ಟಿದ ಹಣತೆಯನ್ನು ಒಳಗೆ ಇಳಿಬಿಟ್ಟಿದ್ದಳು. ಕೆಳಗೆ ಬೆಳಕು ನಡುಗದೆ ನಿಂತಿತ್ತು. ಆ ಬೆಳಕಿನಲ್ಲಿ ಭತ್ತದ ರಾಶಿ ಹಳೆಯ ಬಂಗಾರದಂತೆ ಮಿನುಗುತ್ತಿತ್ತು.

ಹಂಪವ್ವ ಬೆಚ್ಚಲಿಲ್ಲ. “ಬಾ ಕುಂದರು,” ಎಂದಳು. “ದೀಪ ಆರಲಿಲ್ಲ ನೋಡು. ಕೆಟ್ಟ ಗಾಳಿ ಇದ್ದರ ಆರತಿತ್ತು. ಇಷ್ಟು ವರ್ಷಾತು, ಒಂದು ದಿನಾನೂ ಆರಿಲ್ಲ.”

“ದೊಡ್ಡವ್ವ, ಇದು ಯಾವ ಭತ್ತ?”

“ನಮ್ಮ ಯಜಮಾನರು ಬೆಳೆದ ಕಡೀ ಬೆಳಿ. ಸರ್ಕಾರದವರು ಲಾರಿ ತಂದಾಗ ನಾನೂ ಅವರೂ ಕೂಡಿ ಇದರಾಗ ಸುರದಿವಿ. ಅವರ ಕೈಯಾಗ ಆಗಲೇ ಗಂಟು. ಒಂದೊಂದು ಬೊಗಸಿಗೂ ನಿಂದರತಿದ್ದರು.” ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡಳು. “ಒಯ್ದು ಸಿಮೆಂಟಿನಾಗ ಹಾಕಿದರಲ್ಲ ಎಲ್ಲಾರದೂ. ಅನ್ನಕ್ಕ ಗೋರಿ ಕಟ್ಟತಾರೇನು ಯಾರರ?”

“ಶಿವಲೀಲಾಗ ಇದನ್ನೇ ಉಣಿಸ್ತೀರಾ?”

“ರೇಷನ್ ಅಕ್ಕಿ ಜೋಡಿ ಒಂದು ಹಿಡಿ ಕೂಡಸತೀನಿ. ಮಿಷನ್ನಿಗೆ ಹಾಕಂಗಿಲ್ಲ, ಕೈಲೇ ಕುಟ್ಟತೀನಿ, ತೌಡು ಹೋಗಬಾರದು, ಕಸುವೆಲ್ಲಾ ತೌಡಿನಾಗ ಇರತದ. ಆ ಲಾರಿ ಅಕ್ಕಿಗಿ ಯಾವ ನೆಲದ ಗುರುತದ? ಗುರುತಿಲ್ಲದ ಅನ್ನ ಉಂಡ ಹೊಟ್ಟ್ಯಾಗ ಕೂಸು ನಿಲ್ಲಂಗಿಲ್ಲ. ನಾ ಈ ನೆಲದ್ದು ಉಂಡೇ ಅಮರೇಶನ್ನ ಹಡದೀನಿ.”

ಅಮರೇಶ ಹುಟ್ಟಿದಾಗ ಆ ಹೊಲದಲ್ಲಿ ಕೊಳವೆಬಾವಿ ಇರಲಿಲ್ಲ; ಮಳೆಯ ಜೋಳ ಬೆಳೆಯುತ್ತಿತ್ತು. ಮತ್ತು ಅಕ್ಕಿಯಲ್ಲಿ ಪಾಷಾಣ ದಟ್ಟವಾಗಿ ಕೂರುವುದು ತೌಡಿನಲ್ಲೇ. ಎರಡನ್ನೂ ದಾಕ್ಷಾಯಣಿ ಹೇಳಿದಳು. ಹೇಳುವಾಗ ತನ್ನ ದನಿ ಪುಸ್ತಕದಿಂದ ಓದಿದಂತೆ ಅವಳಿಗೇ ಕೇಳಿಸಿತು.

“ದೀಪ ಆರಿಲ್ಲಲ್ಲ,” ಎಂದಳು ಮುದುಕಿ.

“ದೀಪಕ್ಕ ಗಾಳಿ ಗೊತ್ತಾಗ್ತದ. ಕಾಳಿನೊಳಗಿನದು ಗೊತ್ತಾಗಂಗಿಲ್ಲ.”

“ನಿನ್ನ ಮಿಷನ್ನಿಗಿ ಗೊತ್ತಾಗ್ತದೇನು? ನಿನ್ನ ಮಿಷನ್ನು ನನ್ನ ಗಂಡನ್ನ ಉಳಸಲಿಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು.

ದಾಕ್ಷಾಯಣಿ ಮುದುಕಿಯ ಪಕ್ಕ ಕುಳಿತು ಹೇಳಿದಳು: “ಮಿಷನ್ ಬ್ಯಾಡ ದೊಡ್ಡವ್ವ. ನೀವು ಹೊಲದ ಮಾತು ನಂಬತೀರಲ್ಲ. ಹೊಲಕ್ಕೇ ಕೇಳೋಣ. ಈ ಭತ್ತದ ಅನ್ನ ಮೂಡಲ ಬದುವಿಗೆ, ಲಾರಿ ಅಕ್ಕಿ ಅನ್ನ ಪಡುವಲ ಬದುವಿಗೆ. ನೀವೇ ಕುದಿಸ್ರಿ, ನೀವೇ ತೂರ್ರಿ. ಹೊಲ ಏನು ಹೇಳತದ ಕೇಳೋಣ. ಅಲ್ಲೀತನಕ ಆಕಿಗೆ ಈ ಬೋಗಾಣಿ ಬ್ಯಾಡ.”

ಹಂಪವ್ವ ಸೊಸೆಯ ಕಡೆ ನೋಡಿದಳು. ಸೊಸೆ ಅತ್ತೆಯ ಕಡೆ ನೋಡಲಿಲ್ಲ.

“ಆತು,” ಎಂದಳು ಹಂಪವ್ವ.

*

ಅವಳು ತೂರಿದಳು. ಅಮಾವಾಸ್ಯೆಯಲ್ಲದ ಬರಿಯ ದಿನದಲ್ಲಿ, ಕೂಗಿಲ್ಲದೆ, ಒಬ್ಬಳೇ. ಅಮರೇಶ ನೀರು ಚಿಮುಕಿಸುತ್ತ ಹಿಂದೆ ನಡೆದ. ಕೇಂದ್ರದ ಪರದೆಯ ಮುಂದೆ ನಿಂತು ನೋಡುತ್ತಿದ್ದ ದಾಕ್ಷಾಯಣಿಗೆ, ಆ ಸಣ್ಣ ಆಕೃತಿ ಹಸಿರಿನ ಅಂಚಿನಲ್ಲಿ ಏನೋ ಒಂದನ್ನು ಬಿಡಿಸಿಕೊಳ್ಳಲಾರದೆ ಮತ್ತೆ ಮತ್ತೆ ಕೈ ಕೊಡವುತ್ತಿರುವಂತೆ ಕಂಡಿತು.

ಆಮೇಲೆ ಕಾಯುವುದು. ಮನೆಯಲ್ಲಿ ನಸುಕಿನ ಸದ್ದು ನಿಂತಿತ್ತು. ಆ ಮೌನಕ್ಕೂ ದಾಕ್ಷಾಯಣಿಗೆ ಎಚ್ಚರವಾಗುತ್ತಿತ್ತು. ಶಿವಲೀಲಾ ಒಂದು ಮಧ್ಯಾಹ್ನ ಮೇಲುಕೋಣೆಗೆ ಏದುಸಿರು ಬಿಡುತ್ತ ಹತ್ತಿ ಬಂದು, ಹೆರಳಿನ ತುದಿಯನ್ನು ತಾನೇ ಕತ್ತರಿಸಿ ಮೇಜಿನ ಮೇಲಿಟ್ಟಳು.

“ಅತ್ತಿಗೆ ಹೇಳಬ್ಯಾಡ್ರಿ,” ಎಂದಳು. “ಕೂದಲಾಗ ಏನು ಬರತದೋ ಅದನ್ನ ನನಗೂ ಹೇಳಬ್ಯಾಡ್ರಿ. ಹಡೆಯೂತನಕ.”

ಬಂದ ಫಲಿತಾಂಶವನ್ನು ದಾಕ್ಷಾಯಣಿ ಯಾರಿಗೂ ಹೇಳಲಿಲ್ಲ. ಪಟ್ಟಣದ ವೈದ್ಯರಲ್ಲಿಗೆ ಪ್ರತಿ ವಾರ ತಾನೇ ಕರೆದೊಯ್ಯತೊಡಗಿದಳು. ವೈದ್ಯರು ಹೇಳುತ್ತಿದ್ದದ್ದು ಒಂದೇ: ಕೂಸಿನ ಎದೆಬಡಿತ ಇದೆ, ಕೂಸು ಸಣ್ಣದಿದೆ.

ಬಣ್ಣ ಮೂಡಿದ ಬೆಳಗು ಹಂಪವ್ವನನ್ನು ಯಾರೂ ಕರೆಯಲಿಲ್ಲ. ಅವಳೇ ಹೋಗಿದ್ದಳು. ದಾಕ್ಷಾಯಣಿ ತಲುಪುವಾಗ ಮೂಡಲ ಬದುವಿನ ಮೇಲೆ ನಿಂತಿದ್ದಳು. ಪಡುವಲ ಬದು ಹಸಿರು. ಮೂಡಲ ಬದುವಿನಲ್ಲಿ ಅವಳದೇ ಕೈಬೀಸು, ಒಂದರ ನಂತರ ಒಂದು, ನೇರಳೆಯಾಗಿ ನೆಲದ ಮೇಲೆ ಬಿದ್ದಿತ್ತು. ತೋಳು ಸೋತಾಗ ಕಮಾನು ಕಿರಿದಾಗಿತ್ತು. ನಡುವೆ ಒಂದೆಡೆ ಅವಳು ಎಡವಿದ್ದೂ ಅದರಲ್ಲಿ ಕಾಣುತ್ತಿತ್ತು.

ಅವಳು ಒಂದೊಂದೇ ಕಮಾನನ್ನು ಬೆರಳಿನಿಂದ ಎಣಿಸಿದಳು. ಆಮೇಲೆ, ಲೆಕ್ಕ ಹಾಕುವ ಮಗುವಿನಂತೆ, ಮೆಲ್ಲಗೆ ಕೇಳಿದಳು:

“ಮೊದಲಿನೆರಡಕ್ಕೂ ನಾನೇ ಉಣಿಸಿದ್ದೆ. ಅಲ್ಲಾ?”

ಇದರಿಂದಲೇ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಇದರಿಂದಲ್ಲ ಎನ್ನುವಂತೆಯೂ ಇರಲಿಲ್ಲ. ದಾಕ್ಷಾಯಣಿ ಮುದುಕಿಯ ಮೊಣಕೈ ಹಿಡಿದುಕೊಂಡಳು. ಅದು ಗಾಳಿಗೆ ಬಿಟ್ಟ ಕಡ್ಡಿಯಂತೆ ಹಗುರಾಗಿತ್ತು.

ಮನೆಗೆ ಬಂದು ಹಂಪವ್ವ ಚಪ್ಪಡಿ ಸರಿಸಿದಳು. ಹಣತೆ ಹಚ್ಚಿ ಇಳಿಬಿಟ್ಟಳು. ಅದು ಎಂದಿನಂತೆ ನಿಶ್ಚಲವಾಗಿ ಉರಿಯಿತು. ಅವಳು ಹಗ್ಗ ಎಳೆದು, ದೀಪವನ್ನು ಮುಖದ ಹತ್ತಿರ ತಂದು, ಬಾಯಿಂದ ಊದಿ ಆರಿಸಿದಳು. “ಒಯ್ಯಲಿಕ್ಕೆ ಹೇಳು,” ಎಂದಳು.

ಅಂದು ಸಂಜೆ ಮೊಹರು ಹಾಕಿದ ಪೀಪಾಯಿಗಳಲ್ಲಿ ಪಂಪಣ್ಣನ ಕೊನೆಯ ಬೆಳೆ ಊರು ಬಿಟ್ಟಿತು. ದುರುಗಪ್ಪ ಕಟ್ಟೆಯ ಮೇಲಿಂದ ಎದ್ದು ನಿಂತ. ಶಿವರಾತ್ರಿಗೆ ಬಂದ ಸಮಿತಿಯವರು ಎರಡು ಬದುಗಳನ್ನೂ ನೋಡಿದರು, ಕಾರಣ ಒಪ್ಪಿದರು, ನೇರಳೆ ಬಿದ್ದ ಮಣ್ಣನ್ನು ತೆಗೆಸಿ ಹೊಸದು ತುಂಬಿಸಿದರು. ಊರು ಉಳಿಯಿತು. ದೇಸಾಯಿಯವರು ದಾಕ್ಷಾಯಣಿಯ ಹತ್ತಿರ ಬಂದು, “ಆಕಾರಕ್ಕೂ ಅರ್ಥ ಇರತದ ಅನ್ನು,” ಎಂದರು. ಅವಳಿಗೆ ನಗು ಬರಲಿಲ್ಲ.

*

ಯುಗಾದಿಗೆ ಮೊದಲು ಶಿವಲೀಲಾ ಹೆಣ್ಣು ಹೆತ್ತಳು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು; ಆದರೆ ಅತ್ತಿತು. ಆ ಮನೆಯ ಗೋಡೆಗಳು ಆ ಸದ್ದಿಗೆ ಹೊಸವು, ಅದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ ಬೀದಿಗೆಲ್ಲ ಹಂಚಿದವು.

ಕೂಸಿನ ಬೆನ್ನಿಗೆ ಹೊರಬರುವ ಮಾಸನ್ನು ಸ್ವಂತ ನೆಲದಲ್ಲಿ ಹೂಳುವುದು ಆ ಮನೆಯ ರೂಢಿ. ಹಂಪವ್ವ ಮಡಕೆ ಹಿಡಿದು ದಾಕ್ಷಾಯಣಿಯ ಮುಂದೆ ನಿಂತಳು. ಈ ಸಲ ಕದ್ದು ಹೋಗಲಿಲ್ಲ, ಕೇಳಿದಳು. ನಿಯಮದ ಪ್ರಕಾರ ಹೊರಗಿನ ಯಾವುದೂ ಆ ಹೊಲವನ್ನು ಸೇರಬಾರದಿತ್ತು. ದಾಕ್ಷಾಯಣಿ ಗೇಟು ತೆಗೆದಳು. ಪಡುವಲ ಮೂಲೆಯಲ್ಲಿ ಗುಂಡಿ ತೋಡಿ, ಹೂತು, ಮೇಲೆ ಸಾಕ್ಷಿಹುಲ್ಲಿನ ಹೆಂಟೆಯನ್ನು ಕೂರಿಸಿದರು.

ದಾಕ್ಷಾಯಣಿ ಪರದೆಯ ಮೇಲೆ ಆ ಮೂಲೆಯನ್ನು ನೋಡುವುದನ್ನೇ ಬಿಟ್ಟಳು. ಹಂಪವ್ವ ಮಾತ್ರ ದಿನವೂ ಹೋಗಿ ಕೂರುತ್ತಿದ್ದಳು. ಒಂದು ಬೆಳಿಗ್ಗೆ ದಾಕ್ಷಾಯಣಿ ಹೋದಾಗ ಮುದುಕಿ ಕುಕ್ಕುರುಗಾಲಲ್ಲಿ ಕುಳಿತು ಆ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದಳು.

“ಕೈ ತಗೀರಿ ದೊಡ್ಡವ್ವ.”

“ತಡಿಯವಾ. ಇನ್ನೊಂಚೂರು.”

ದೂರದಲ್ಲಿ, ಮನೆಯಲ್ಲಿ, ಕೂಸು ಅಳುತ್ತಿತ್ತು. ಹಂಪವ್ವ ಆ ಅಳು ನಿಲ್ಲುವ ತನಕ ಕೇಳಿದಳು. ಆಮೇಲೆ ಕೈ ತೆಗೆದಳು. ಕೈ ಇದ್ದಷ್ಟೇ ಅಗಲಕ್ಕೆ ಹುಲ್ಲಿನ ತುದಿಗಳು ನೇರಳೆಯಾಗಿದ್ದವು. ತೆಳುವಾಗಿ. ಆದರೆ ನೇರಳೆ.

“ಇಷ್ಟು ಮಾಸಿನಾಗ ನಿಂತದ,” ಎಂದಳು. “ಎಷ್ಟು ದಾಟಿ ಕೂಸಿಗಿ ಹೋಗ್ಯದ?”

“ಗೊತ್ತಿಲ್ಲ ದೊಡ್ಡವ್ವ.”

“ನಿಮಗೂ?”

“ನಮಗೂ. ಬೆಳಕೊಂತ ಹೋದಂಗ ನೋಡಬೇಕು.”

ಹಂಪವ್ವ ಆ ಹುಲ್ಲನ್ನು ಕೂಸಿನ ತಲೆಯನ್ನು ಸವರುವಂತೆ ಒಮ್ಮೆ ಸವರಿ ಎದ್ದಳು.

ಎಳ್ಳಮಾವಾಸ್ಯೆ ಮತ್ತೆ ಬಂತು. ಊರಿನವರೆಲ್ಲ ಬಂಡಿ ಕಟ್ಟಿಕೊಂಡು ಆ ಹೊಲಕ್ಕೇ ಬಂದರು, ಗೇಟು ತೆರೆದೇ ಇತ್ತು. ಹಂಪವ್ವ ಲಾರಿ ಅಕ್ಕಿಯ ಅನ್ನ ಕಲಸಿದ ಬುಟ್ಟಿ ಹೊತ್ತು ಮುಂದೆ ನಡೆದಳು. “ಹುಲ್ಲುಲ್ಲಿಗೋ” ಎಂದು ಕೂಗುವುದನ್ನು ಹಿಂದಿನವರಿಗೆ ಬಿಟ್ಟು ತೂರುತ್ತ ಹೋದಳು. ಹಿಂದಿನಿಂದ ದುರುಗಪ್ಪ ಕೂಗಿದ. ಶಿವಲೀಲಾಳ ಸೊಂಟದ ಮೇಲಿದ್ದ ಕೂಸು ಬುಟ್ಟಿಗೆ ಕೈ ಹಾಕಿ, ಒಂದು ಮುದ್ದೆಯನ್ನು ಬಾಯಿಗಿಟ್ಟು, ಚೀಪಿ, ರುಚಿಸದೆ ಹೊಲಕ್ಕೆ ಎಸೆಯಿತು. ಎಲ್ಲರೂ ನಕ್ಕರು. ಹಂಪವ್ವ ಮಾತ್ರ ಕೂಸಿನ ಎಂಜಲು ಹತ್ತಿದ ಆ ಮುದ್ದೆ ಬಿದ್ದ ಜಾಗವನ್ನೇ ನೋಡುತ್ತ ನಿಂತಳು.

ಎರಡು ವಾರಗಳ ನಂತರದ ಒಂದು ಬೆಳಗು ದಾಕ್ಷಾಯಣಿ ಚಹ ಕೆಳಗಿಟ್ಟು ಪರದೆಯ ಹತ್ತಿರ ಹೋದಳು. ಹಿಂದೆ ಬೆಂಚಿನ ಮೇಲೆ ಹಂಪವ್ವ, ಮಡಿಲಲ್ಲಿ ನಿದ್ದೆಹೋದ ಕೂಸು. ಹೊಲ ಮೂಡಿಬಂತು. ದಾಕ್ಷಾಯಣಿ ಬದುವಿನ ಗುಂಟ ಬೆರಳಿಡುತ್ತ ಹೋದಳು. ಮುದುಕಿಯ ಕೈಬೀಸಿನ ಗುರುತು ಎಲ್ಲಿಯೂ ಇರಲಿಲ್ಲ. ಕೂಸು ಎಸೆದ ಜಾಗದಲ್ಲಿ ಬೆರಳು ನಿಂತಿತು.

“ಹೇಳವಾ,” ಎಂದಳು ಹಂಪವ್ವ. ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ.

“ಹಸರು, ದೊಡ್ಡವ್ವ.”

“ಎಲ್ಲಾ ಕಡೆ?”

ಪಡುವಲ ಮೂಲೆಯಲ್ಲಿ ಅಂಗೈಯಗಲದ ಆ ನೇರಳೆ ಹಾಗೆಯೇ ಇತ್ತು, ಯಾರದೋ ಕೈ ನೆಲದೊಳಗಿನಿಂದ ಮೇಲಕ್ಕೆ ಒತ್ತಿ ಹಿಡಿದಂತೆ.

“ಅದೊಂದು ಬಿಟ್ಟು,” ಎಂದಳು ದಾಕ್ಷಾಯಣಿ.

ಹಂಪವ್ವ ತಲೆಯಾಡಿಸಿ, ಮಗುವಿನ ಮುಚ್ಚಿದ ಮುಷ್ಟಿಯನ್ನು ಬಿಡಿಸಿ, ಒಳಗಿನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು.